ಗೋಡೆಗೆ ಮುಖ ಮಾಡಿದ ಹನ್ನೊಂದು ಪಾತ್ರೆಗಳು

ನಮ್ಮ ಮನೆಯಲ್ಲಿ ಹನ್ನೊಂದು ಹಿತ್ತಾಳೆ ಪಾತ್ರೆಗಳಿವೆ. ನಲವತ್ತಾರು ವರ್ಷ ಅವು ಗೋಡೆಗೆ ಮುಖ ಮಾಡಿಕೊಂಡೇ ನಿಂತಿದ್ದವು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವರ ಹಾಗೆ. ತಪ್ಪು ಮಾಡಿದವನು ನಾನು, ಗೋಡೆ ನೋಡುತ್ತ ನಿಂತವು ಅವು. ಈ ವಿಷಯವನ್ನು ಇಷ್ಟು ದಿನ ಯಾರ ಮುಂದೆಯೂ ಹೇಳಿರಲಿಲ್ಲ. ಹೇಳುವುದಕ್ಕೆ ನನಗೇ ಗೊತ್ತಿರಲಿಲ್ಲ ಎಂಬುದು ಇನ್ನೂ ದೊಡ್ಡ ತಪ್ಪು.

ಪಾತ್ರೆಗೆ ಮುಖ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮ ಕಡೆ ಪಾತ್ರೆಗೆ ಮುಖವಿದೆ. ಹೆಸರು ಕೆತ್ತಿದ ಬದಿಯೇ ಅದರ ಮುಖ. ಮಿರಜದ ಬಜಾರಿನ ಒಂದು ಪಾತ್ರೆ ಅಂಗಡಿಯಲ್ಲಿ ನಾನು ಮೂವತ್ತೆಂಟು ವರ್ಷ ಆ ಮುಖ ಬರೆಯುವ ಕೆಲಸವನ್ನೇ ಮಾಡಿದೆ. ಮ್ಯಾಟ್ರಿಕ್ ಪಾಸಾಗಿದ್ದೆ, ಅಕ್ಷರ ದುಂಡಗಿದ್ದವು, ಅಷ್ಟೇ ನನ್ನ ವಿದ್ಯೆ. ಮೊದಲು ಉಳಿ ಮತ್ತು ಸಣ್ಣ ಸುತ್ತಿಗೆ ಹಿಡಿದು ಚುಕ್ಕೆ ಚುಕ್ಕೆಯಾಗಿ ಹೊಡೆಯುತ್ತಿದ್ದೆ, ಆಮೇಲೆ ಗುಂಯ್ ಎನ್ನುವ ಕರೆಂಟಿನ ಯಂತ್ರ ಬಂತು. ಮರಾಠಿ ಹೆಸರು ಯಾರು ಬೇಕಾದರೂ ಹಾಕುತ್ತಿದ್ದರು. ಆರಗ, ಸಲಗರೆ ಮತ್ತು ಗಡಿಯ ಆಚೆಯ ಕರ್ನಾಟಕದ ಊರುಗಳಿಂದ ಬಂದವರು ಕನ್ನಡದಲ್ಲಿ ಹೆಸರು ಬೇಕೆಂದರೆ ಮಾಲೀಕರು ನನ್ನ ಕಡೆ ಕೈ ತೋರಿಸುತ್ತಿದ್ದರು. ಮರಾಠಿ ಅಕ್ಷರಕ್ಕೆ ಮೇಲೊಂದು ಗೆರೆಯಿದೆ, ಅದಕ್ಕೆ ಜೋತುಬಿದ್ದು ಹೇಗೋ ನಿಲ್ಲುತ್ತದೆ. ಕನ್ನಡದ್ದು ಹಾಗಲ್ಲ, ಸುತ್ತಿ ಸುತ್ತಿ ಹೊರಡಬೇಕು, ದುಂಡಗಿನ ಪಾತ್ರೆಯ ಮೇಲೆ ದುಂಡಗಿನ ಅಕ್ಷರ ಜಾರದಂತೆ ಹಿಡಿಯಬೇಕು. ಈ ವಿಷಯದಲ್ಲಿ ನನಗೆ ತುಸು ಸೊಕ್ಕಿತ್ತು. ತುಸು ಎಂದು ಬರೆದದ್ದೂ ಸೊಕ್ಕೇ.

ಪಾತ್ರೆಯ ಮೇಲೆ ಹೆಸರು ಯಾಕೆ ಎಂದರೆ, ಅದು ಮದುವೆ ಮುಂಜಿಗೆ ಮನೆ ಮನೆ ತಿರುಗುವ ಪ್ರಾಣಿ. ಹೆಸರಿದ್ದರೆ ಮರಳಿ ಬರುತ್ತದೆ, ಇಲ್ಲದಿದ್ದರೆ ಹೋದ ಮನೆಯಲ್ಲೇ ಸಂಸಾರ ಹೂಡುತ್ತದೆ. ಅದಕ್ಕೇ ಜನ ಬಹಳ ಜಾಗ್ರತೆ ವಹಿಸುತ್ತಿದ್ದರು. ಒಬ್ಬ ಗೃಹಸ್ಥರು ಚಹಾದ ಚಮಚ ತಂದು ಅದರ ಮೇಲೆ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ತಾಲೂಕು, ಜಿಲ್ಲೆ ಎಲ್ಲ ಬರಬೇಕೆಂದರು. ನಾನು ಚಮಚದ ಹೊಟ್ಟೆ, ಬೆನ್ನು, ಬಾಲ ಎಲ್ಲ ಬಳಸಿ ತಾಲೂಕಿನವರೆಗೆ ಬಂದೆ. ಜಿಲ್ಲೆಗೆ ಜಾಗ ಉಳಿಯಲಿಲ್ಲ. ಅವರು ಬೇಸರಪಟ್ಟು ಎರಡನೇ ಚಮಚ ಕೊಂಡರು. ಇನ್ನೊಮ್ಮೆ ನಾನು ಒಬ್ಬರ ಮದುವೆಗೆ ಹೆಸರು ಹಾಕಿಕೊಟ್ಟ ಸ್ಟೀಲಿನ ಡಬ್ಬಿ ಎಷ್ಟೋ ವರ್ಷದ ಮೇಲೆ ನನ್ನ ಮಗನ ಮದುವೆಗೆ ಉಡುಗೊರೆಯಾಗಿ ಬಂತು. ಅದರ ಮೇಲೆ ಮೂರು ಹೆಸರು ಹೊಡೆದು ಹಾಕಿ ನಾಲ್ಕನೆಯದು ಬರೆದಿತ್ತು. ನಾಲ್ಕೂ ನನ್ನದೇ ಅಕ್ಷರ.

ಇನ್ನು ಅಡಿಗೆಮನೆಗೆ ಬರೋಣ. ನನ್ನ ಸೊಸೆ ಸ್ನೇಹಲ್ ಸಾಂಗಲಿಯ ಹುಡುಗಿ. ಮಿರಜದಿಂದ ಸಾಂಗಲಿ ರಿಕ್ಷಾದಲ್ಲಿ ಅರ್ಧ ತಾಸಿನ ದಾರಿ. ಆದರೆ ಸಾಂಗಲಿಯವರಿಗೆ ಮಿರಜ ಎಂದರೆ ರೈಲು ಬದಲಿಸುವ ಊರು, ಇಲ್ಲಿ ಬಂದು ಅಡಿಗೆಮನೆ ನೋಡುವುದೆಂದರೆ ಕಾಲದಲ್ಲಿ ಹಿಂದಕ್ಕೆ ಹೋದ ಹಾಗೆ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿಯ ಬಸ್ಸು ಹತ್ತುತ್ತಾಳೆ. ಓದುವುದಕ್ಕಂತೂ ಬರುವುದಿಲ್ಲ. ಒಳ್ಳೆಯ ಮನಸ್ಸಿನ ಹುಡುಗಿ. ಅವಳಿಗಿರುವ ಒಂದೇ ಚಟ ಎಂದರೆ ಫೋನಿನಲ್ಲಿ ಬೇರೆಯವರ ಅಡಿಗೆಮನೆ ನೋಡುವುದು.

ಆ ಫೋನಿನ ಅಡಿಗೆಮನೆಗಳನ್ನು ನನಗೂ ತೋರಿಸಿದ್ದಾಳೆ. ಅಲ್ಲಿ ಕಪಾಟಿಗೆ ಬಾಗಿಲಿಲ್ಲ, ಬರೀ ಹಲಗೆ. ಹಲಗೆಯ ಮೇಲೆ ಮೂರು ಚಹಾದ ಕಪ್ಪು, ಒಂದು ಗಿಡ, ಯಾರೂ ಮುಟ್ಟದ ಕಟ್ಟಿಗೆಯ ಸೌಟು. ಬಿಳಿಯ ಉಡುಪಿನ ಹೆಣ್ಣುಮಗಳೊಬ್ಬಳು ಒಂದು ಕಪ್ಪನ್ನು ಎಡಕ್ಕೆ ಎರಡು ಬೆರಳು ಸರಿಸಿ ದೊಡ್ಡದೊಂದು ಉಸಿರು ಬಿಡುತ್ತಾಳೆ. ಅಲ್ಲಿಗೆ ಮುಗಿಯಿತು. ಅಡಿಗೆ ಯಾವಾಗ ಎಂದು ನಾನು ಕಾದೆ, ಮಾಡಲೇ ಇಲ್ಲ. ನಮ್ಮ ಮನೆಯಲ್ಲಿ ಒಂದು ಒಗ್ಗರಣೆ ಸಿಡಿದರೆ ಆ ಗಿಡ ಅಲ್ಲೇ ಪ್ರಾಣ ಬಿಟ್ಟೀತು.

ಆದರೂ ಹೋದ ದೀಪಾವಳಿಯ ಮುಂಚೆ ನಮ್ಮ ಕಪಾಟುಗಳ ಬಾಗಿಲು ಬಿಚ್ಚಿದವು. ಮಗ ಸನ್ಮತಿ ಕುಪವಾಡದ ಕಾರ್ಖಾನೆಗಳ ಬಡಾವಣೆ ಎಂಐಡಿಸಿಯ ಒಂದು ಲೇಥ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾನೆ. ಕಬ್ಬಿಣದ ಚೌಕಟ್ಟು ಅಲ್ಲಿಂದಲೇ ಮಾಡಿಸಿ ತಂದ. ಇದರಲ್ಲಿ ಹೊಸದೇನಿದೆ ಎಂದು ನಾನು ಕೇಳಿದೆ. ನನ್ನ ಅವ್ವನ ಕಾಲದಲ್ಲಿ ಅಡಿಗೆಮನೆಯ ತುಂಬ ತೆರೆದ ಮಾಂಡಣಿಯೇ ಇತ್ತು, ಹಲಗೆಯ ಮೇಲೆ ಸಾಲಾಗಿ ಹೊಳೆಯುವ ಪಾತ್ರೆ-ಬಾಂಡೆ. ಆಮೇಲೆ ಬಾಗಿಲು ಬಂದವು, ಎಲ್ಲವೂ ಒಳಗೆ ಹೋಗಿ ಕತ್ತಲಲ್ಲಿ ಕೂತವು. ಈಗ ಮತ್ತೆ ಬಾಗಿಲು ಹೋದವು. ನನ್ನ ಎಪ್ಪತ್ತೆರಡು ವರ್ಷದಲ್ಲಿ ಅಡಿಗೆಮನೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಿತು, ನಡುವೆ ಬಡಗಿಗಳು ಎರಡು ತಲೆಮಾರು ಉಂಡರು.

ಸೊಸೆ ಬೇಳೆಗಳನ್ನು ಗಾಜಿನ ಬಾಟಲಿಗೆ ತುಂಬಿ ಬಣ್ಣದ ಪ್ರಕಾರ ನಿಲ್ಲಿಸಿದಳು. ಹೆಸರು, ತೊಗರಿ, ಕಡಲೆ ಸರಿ. ನಡುವೆ ಕೆಂಪು ಬೇಕೆಂದು ಮಸೂರ ತಂದಳು. ಮಸೂರ ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಅದು ಅಲ್ಲಿ ಹಿರಿಯರ ಫೋಟೋದ ಹಾಗೆ ಬರೀ ಇದೆ. ಹಲಗೆಯ ಕೆಳಗೆ ದೀಪದ ಪಟ್ಟಿ ಅಂಟಿಸಿದಳು, ಕತ್ತಲಾದ ಮೇಲೆ ಹಚ್ಚಿದರೆ ಬಹಳ ಚೆನ್ನಾಗಿ ಕಾಣುತ್ತದಂತೆ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಉಂಡು ಅಡಿಗೆಮನೆ ಒರೆಸಿ ಮುಗಿಸುತ್ತೇವೆ. ಹೀಗಾಗಿ ನಮ್ಮಲ್ಲಿ ಆ ದೀಪ ಮಿಂಚುವ ಹೊತ್ತಿಗೆ ಅದನ್ನು ನೋಡುವುದಕ್ಕೆ ಜಿರಳೆಯೊಂದೇ ಎಚ್ಚರವಿರುತ್ತದೆ.

ದೊಡ್ಡ ಗದ್ದಲವಾದದ್ದು ಬೆಳ್ಳುಳ್ಳಿಯ ಜಡೆಯಿಂದ. ಫೋನಿನ ಪ್ರತಿಯೊಂದು ಅಡಿಗೆಮನೆಯಲ್ಲೂ ಒಂದು ಮೊಳೆಗೆ ಬೆಳ್ಳುಳ್ಳಿಯ ಜಡೆ ನೇತಾಡುತ್ತಿರುತ್ತದೆ. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟುವುದಿಲ್ಲ. ಸೊಸೆಯ ಮನೆಯವರೂ ನಮ್ಮವರೇ, ಅವಳಿಗೂ ಅದು ಗೊತ್ತು. ಅದಕ್ಕೇ ಅವಳು ಬಹಳ ವಿಚಾರ ಮಾಡಿ ಬಟ್ಟೆಯಲ್ಲಿ ಹೊಲಿದ, ಒಳಗೆ ಹತ್ತಿ ತುಂಬಿದ ಬೆಳ್ಳುಳ್ಳಿಯ ಜಡೆ ತರಿಸಿದಳು. ನನ್ನ ಹೆಂಡತಿ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನs ಇದು?"

"ಆತ್ಯಾ, ಖರೇವು ಅಲ್ರಿ. ಕಪಡ್ಯಾದ್ದು. ವಾಸನಿ ಸುದ್ಧಾ ಬರೂದಿಲ್ಲ."

"ಅರಿವೀದಿದ್ರೂ ಬಳ್ಳೊಳ್ಳಿ ಬಳ್ಳೊಳ್ಳಿನ. ನಾಳಿ ಅರಿವೀದು ಕೋಳಿ ತರ್ತಿ, ಕೂಗೂದಿಲ್ಲ ಅಂತಿ."

ನನ್ನನ್ನು ಪಂಚನನ್ನಾಗಿ ಕರೆದರು. ಬಟ್ಟೆಯ ಬೆಳ್ಳುಳ್ಳಿಯಲ್ಲಿ ಜೀವವಿಲ್ಲ, ಆದ್ದರಿಂದ ಹಿಂಸೆಯಿಲ್ಲ, ಆದರೆ ನೋಡಿದಾಗ ಬಾಯಲ್ಲಿ ನೀರು ಬಂದರೆ ಭಾವಹಿಂಸೆ ಆಗಬಹುದು ಎಂದು ನಾನು ತೂಗಿ ತೂಗಿ ಹೇಳಿದೆ. "ನಿಮ್ಮ ಬಾಯಾಗ ನೀರ ಯಾಕ ಬರ್ತೈತ್ರಿ? ಎಲ್ಲೆ ತಿಂದೀರಿ?" ಎಂದು ಹೆಂಡತಿ ನನ್ನ ಕಡೆ ತಿರುಗಿದಳು. ಬಜಾರಿನಲ್ಲಿ ಮೂವತ್ತೆಂಟು ವರ್ಷ ಕಳೆದವನು ನಾನು. ಆ ಮಾತು ಅಲ್ಲಿಗೇ ನಿಲ್ಲಿಸಿ ಹೊರಗೆ ಹೋದೆ. ಜಡೆ ಮೊಳೆಯಿಂದ ಇಳಿಯಿತು.

ಖಾಲಿಯಾದ ಆ ಜಾಗದಲ್ಲಿ ಏನಿಡುವುದು ಎಂದು ಹುಡುಕುತ್ತ ಸೊಸೆ ಅಟ್ಟದ ಕಪಾಟು ತೆಗೆದಳು. ಹನ್ನೊಂದು ಹಿತ್ತಾಳೆ ಪಾತ್ರೆ ಸಿಕ್ಕವು. ಕೊಡ, ತಂಬಿಗೆ, ಬೋಗುಣಿ, ಪರಾತ, ಮುಚ್ಚಳದ ಡಬ್ಬಿ. ಎಲ್ಲವೂ ನನ್ನ ಹೆಂಡತಿಯ ತವರಿನಿಂದ, ಸಲಗರೆಯಿಂದ ಬಂದವು. ಸೊಸೆ ಕುಣಿದುಬಿಟ್ಟಳು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಸಾಲಾಗಿ ಹಲಗೆಯ ಮೇಲೆ ನಿಲ್ಲಿಸಿದಳು, ಹೆಸರಿನ ಬದಿ ಹೊರಗೆ ಮಾಡಿ. ಮಧ್ಯಾಹ್ನ ನಾನು ನೀರು ಕುಡಿಯಲು ಹೋದಾಗ ಎಲ್ಲವೂ ಗೋಡೆಯ ಕಡೆ ತಿರುಗಿದ್ದವು. ಸಂಜೆ ಮತ್ತೆ ಹೊರಗೆ ನೋಡುತ್ತಿದ್ದವು. ಮರುದಿನ ಬೆಳಿಗ್ಗೆ ಮತ್ತೆ ಗೋಡೆಗೆ. ಮೂರು ದಿನ ಯಾರೂ ಏನೂ ಮಾತಾಡಲಿಲ್ಲ, ಪಾತ್ರೆ ಮಾತ್ರ ಬುಗುರಿಯ ಹಾಗೆ ತಿರುಗಿದವು.

ನಾಲ್ಕನೆಯ ದಿನ ಸೊಸೆ ಬಾಯಿ ಬಿಟ್ಟಳು.

"ಆತ್ಯಾ, ರವಿವಾರ ನಮ್ಮ ಮಾವಶಿ, ಬಹಿಣಿ ಎಲ್ಲಾರೂ ಕಿಚನ್ ನೋಡಾಕ ಬರಾಕತ್ತಾರ. ಹೆಸರ ಇರೋ ಬಾಜು ಹೊರಗ ಇರ್ಲಿ ಕೀ. ಕಿತ್ತೀ ಛಾನ್ ಕಾಣ್ತೈತಿ!"

"ಗ್ವಾಡಿ ಕಡೆ ಇರ್ಲಿ."

"ಪಣ ಯಾಕ್ರಿ?"

"ಅವಕ್ಕ ಹಂಗs ರೂಢಿ ಆಗೈತಿ." ಹೆಂಡತಿ ಒಲೆಯ ಕಡೆ ತಿರುಗಿ ಮತ್ತೆ ಹೇಳಿದಳು, "ಹೊರಗs ಇಡೂದಿದ್ರ ಇಡಬ್ಯಾಡ. ಶನಿವಾರ ಅಂಗಡಿಗೆ ಒಯ್ದು ತೂಕಕ್ಕ ಹಾಕಿ ಬಾ ಅಂತ ಸನ್ಮತಿಗೆ ಹೇಳ್ತೀನಿ. ನನಗೂ ನೋಡಿ ನೋಡಿ ಸಾಕಾಗೈತಿ."

ತೂಕಕ್ಕೆ ಹಾಕಿದರೆ ಪಾತ್ರೆಯನ್ನು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಸುತ್ತಿಗೆಯಿಂದ ಚಪ್ಪಟೆ ಮಾಡಿ ಮೂಟೆಗೆ ತುರುಕುತ್ತಾರೆ. ಅವಳ ಅಪ್ಪ ಕೊಟ್ಟದ್ದರಲ್ಲಿ ಈ ಮನೆಯಲ್ಲಿ ಉಳಿದಿರುವುದು ಅವಷ್ಟೇ. ಅಂಥವನ್ನು ನೋಡಿ ಸಾಕಾಗುವಷ್ಟು ಏನಾಗಿದೆ ಎಂದು ನಾನು ವಿಚಾರ ಮಾಡುತ್ತಿರುವಾಗಲೇ ಸೊಸೆ ತಂಬಿಗೆಯೊಂದನ್ನು ಎತ್ತಿ ಅದರ ಮೇಲೆ ಬೆರಳಾಡಿಸಿದಳು.

"ಏನ ಬರದೈತ್ರಿ ಇದು? ನನಗ ಡಿಝೈನ್ ಅಂತನs ವಾಟ್ತೈತಿ."

"ನಿನ್ನ ಮಾವನ್ನ ಕೇಳು. ಅವರs ಬರದಾರ."

ನಾನು ಗಂಟಲು ಸರಿ ಮಾಡಿಕೊಂಡು, ಸ್ವಲ್ಪ ಅಭಿಮಾನದಿಂದಲೇ, "ಸುಲೋಚನಾ. ನಿನ್ನ ಅತ್ತಿ ಹೆಸರು," ಎಂದೆ.

ಹೆಂಡತಿ ಒಲೆಯ ಕಡೆಯಿಂದ ತಿರುಗದೆಯೇ ಹೇಳಿದಳು, "ಅದು ಹೆಸರಲ್ಲ. ಅವರ ಅಕ್ಷರ."

ಅಕ್ಷರ ಎಂಬ ಮಾತನ್ನು ನಾನು ಮೊದಲು ಹೊಗಳಿಕೆ ಎಂದೇ ತಿಳಿದೆ. ಅದು ಹೊಗಳಿಕೆಯಲ್ಲ ಎಂದು ಗೊತ್ತಾಗುವುದಕ್ಕೆ ಹೊರಗಿನ ಕಟ್ಟೆಯ ಮೇಲೆ ಹೋಗಿ ಅರ್ಧ ತಾಸು ಕೂರಬೇಕಾಯಿತು. ಕೂತಾಗ ಎಲ್ಲವೂ ನೆನಪಾಯಿತು. ಇನ್ನು ಮುಚ್ಚಿಡುವುದೇನಿದೆ? ನಿಮಗೂ ಹೇಳಿಬಿಡುತ್ತೇನೆ.

ನನ್ನ ಮಾವ ಸಲಗರೆಯ ರೈತರು. ಮಗಳು ಸ್ವಲ್ಪ ದೊಡ್ಡವಳಾದಾಗಿನಿಂದ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಮಿರಜಕ್ಕೆ ಬಂದು ಒಂದೇ ಒಂದು ಹಿತ್ತಾಳೆ ಪಾತ್ರೆ ಕೊಂಡು, ಅದರ ಮೇಲೆ ಮಗಳ ಹೆಸರು ಹಾಕಿಸಿ ಒಯ್ಯುತ್ತಿದ್ದರು. 'ಚಂಪಾ', ಅಷ್ಟೇ. ಊರಿಲ್ಲ, ತಾಲೂಕಿಲ್ಲ. ಮೊದಲ ಏಳು ಪಾತ್ರೆಗೆ ಹೆಸರು ಹಾಕಿದವರು ನನಗೆ ಕೆಲಸ ಕಲಿಸಿದ ಮುದುಕರು, ಕೊನೆಯ ನಾಲ್ಕಕ್ಕೆ ಹಾಕಿದವನು ನಾನು. ನಾಲ್ಕನೆಯದನ್ನು ಹಾಕುವಾಗ ಅವರು ನನ್ನ ಕೈಯನ್ನೇ ನೋಡುತ್ತ ಕೂತು, "ಅಕ್ಷರ ಭಾಳ ಚಂದ ಅದಾವು. ಲಗ್ನ ಆಗೈತೇನಪಾ?" ಎಂದು ಕೇಳಿದರು. ಹೀಗೆ ನನಗೆ ಹೆಣ್ಣು ಸಿಕ್ಕಿದ್ದು ಅಕ್ಷರದಿಂದ. ರೂಪದಿಂದ ಸಿಗುವ ಸಂಭವ ಇರಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿಯಿದೆ. ತಾಟಿನಲ್ಲಿ ಅಕ್ಕಿ ಹರಡುತ್ತಾರೆ. ಗಂಡು ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಅವಳಲ್ಲ. ಕೆಲವರು ಅಜ್ಜಿಯ ಹೆಸರಿಡುತ್ತಾರೆ, ಕೆಲವರು ದೇವರದು. ಕೆಲವರು ಹಳೆಯದನ್ನೇ ಇರಲಿ ಎಂದು ಬಿಡುತ್ತಾರೆ. ನಾನು ಏನು ಮಾಡಿದೆ ಗೊತ್ತೆ? 'ಚಂಪಾ' ಎಂಬುದರಲ್ಲಿ ಕೈ ತೋರಿಸುವುದಕ್ಕೆ ಏನೂ ಇರಲಿಲ್ಲ, ಶುರುವಾಗುವುದರೊಳಗೆ ಮುಗಿಯುತ್ತಿತ್ತು. ನನ್ನ 'ಲೋ' ಅಕ್ಷರಕ್ಕೆ ಬಜಾರಿನಲ್ಲೆಲ್ಲ ಹೆಸರಿತ್ತು. ಸುರುಳಿ ಸುತ್ತಿ ಮೇಲೇರಿ ಬಾಲ ಬೀಸುವ ಹಾಗೆ ಅದನ್ನು ಎಳೆಯುತ್ತಿದ್ದೆ. 'ಲೋ' ಇರುವ ಹೆಣ್ಣಿನ ಹೆಸರು ಹುಡುಕಿದೆ. ಸುಲೋಚನಾ ಸಿಕ್ಕಿತು. ಅಕ್ಕಿಯಲ್ಲಿ ಬರೆದಾಗ ಹೆಣ್ಣಿನ ಕಡೆಯವರು ಬಗ್ಗಿ ಬಗ್ಗಿ ಅಕ್ಷರ ನೋಡಿದರು. ಹೆಣ್ಣು ನೋಡಿದಳೋ ಇಲ್ಲವೋ ನಾನು ಗಮನಿಸಲಿಲ್ಲ.

ಇಲ್ಲಿಗೇ ಬಿಟ್ಟಿದ್ದರೆ ನಾನು ಲೋಕದ ಎಲ್ಲ ಗಂಡಸರಷ್ಟೇ ತಪ್ಪಿತಸ್ಥ. ಆದರೆ ಕಸುಬುದಾರನಿಗೆ ಕೈ ಸುಮ್ಮನಿರಬೇಕಲ್ಲ. ಪಂಚಮಿಗೆ ಅವಳು ತವರಿಗೆ ಹೋದಾಗ ಹನ್ನೊಂದೂ ಪಾತ್ರೆ ಅಂಗಡಿಗೆ ಒಯ್ದೆ. ಅರದಿಂದ ಉಜ್ಜಿ 'ಚಂಪಾ' ಅಳಿಸಿದೆ. ಮುದುಕರು ಹಾಕಿದ ಏಳು, ನಾನು ಹಾಕಿದ ನಾಲ್ಕು. ಮೇಲೆ ಪಾಲಿಶ್ ಕಾಗದ ತಿಕ್ಕಿದೆ. ಹೊಸ ಹೆಸರು ಕೊರೆದೆ. ಹನ್ನೊಂದು 'ಲೋ' ಹನ್ನೊಂದು ತರಹ. ಅವಳಿಗೆ ಅಚ್ಚರಿಯ ಉಡುಗೊರೆ ಎಂದು ಮಾಂಡಣಿಯ ಮೇಲೆ ಸಾಲಾಗಿ ನಿಲ್ಲಿಸಿ ಕಾದೆ. ಅವಳು ಬಂದಳು. ಒಂದೊಂದನ್ನೇ ಎತ್ತಿ ನೋಡಿದಳು. ಉಜ್ಜಿದ ಜಾಗ ತುಸು ತಗ್ಗಾಗಿತ್ತು, ಅಲ್ಲಿ ಬೆರಳಿಟ್ಟು ನೋಡಿದಳು. "ಛಲೋ ಆಗ್ಯಾವು" ಎಂದಳು. ನಾನು ಆ ಮಾತನ್ನು ನಲವತ್ತಾರು ವರ್ಷ ಪ್ರಶಸ್ತಿಪತ್ರದ ಹಾಗೆ ಇಟ್ಟುಕೊಂಡಿದ್ದೆ.

ಮರುದಿನದಿಂದ ಪಾತ್ರೆ ಗೋಡೆಯ ಕಡೆ ತಿರುಗಿದವು, ಅಟ್ಟದ ಕಪಾಟಿಗೆ ಹೋದ ಮೇಲೂ ಹಾಗೇ ನಿಂತವು. ಬಂದವರು ಯಾರಾದರೂ ಯಾಕೆಂದು ಕೇಳಿದರೆ ನಾನೇ ಮುಂದೆ ಬಂದು, "ಹೊಗಿ ಬಡದು ಅಕ್ಷರ ಮಾಸಬಾರದಂತ ಆಕಿ ಕಾಳಜಿ," ಎಂದು ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡು ಚಹಾಕ್ಕೆ ನೀರಿಡುತ್ತಿದ್ದಳು. ಫೋನಿನ ಅಡಿಗೆಮನೆಯ ಹೆಣ್ಣುಮಗಳನ್ನು ನೋಡಿ ನಾನು ನಕ್ಕೆನಲ್ಲ, ಅವಳು ಬರೀ ಕಪ್ಪು ಸರಿಸುತ್ತಾಳೆ. ನಾನು ಜೀವಂತ ಹೆಣ್ಣುಮಗಳನ್ನು ಚಂದಕ್ಕಾಗಿ ಎತ್ತಿ ಬೇರೆ ಕಡೆ ಇಟ್ಟವನು.

ಕಟ್ಟೆಯಿಂದ ಎದ್ದು ಒಳಗೆ ಹೋಗಿ ಇಷ್ಟನ್ನೂ ಅತ್ತೆ ಸೊಸೆ ಇಬ್ಬರ ಮುಂದೆಯೂ ಹೇಳಿದೆ. ಸ್ನೇಹಲ್ ಬಾಯಿಗೆ ಸೆರಗು ಒತ್ತಿ ಹಿಡಿದಳು. ಆದರೂ ನಗು ಒಡೆಯಿತು.

"ಮಾಮಾ, ಫಾಂಟ್ ಬಘೂನ ಬಾಯಕೋಚ ನಾವ ಇಟ್ಟ್ರೀ?"

ಫಾಂಟ್ ಎಂದರೆ ಅಕ್ಷರದ ವೇಷ ಎಂದು ಆಮೇಲೆ ತಿಳಿಸಿ ಹೇಳಿದಳು. ವೇಷ ನೋಡಿ ಹೆಂಡತಿಗೆ ಹೆಸರಿಟ್ಟಿರಾ ಎಂದು ಅವಳು ಕೇಳಿದ್ದು. ಹೌದು ಎಂದೆ. ಹೆಂಡತಿ ಮಾತ್ರ ನಗಲಿಲ್ಲ. ನಾನು ಕೊನೆಯ ಆಸರೆಯೆಂಬಂತೆ ಧರ್ಮವನ್ನು ಹಿಡಿದೆ.

"ವರ್ಷಾ ವರ್ಷಾ ಕ್ಷಮಾ ಕೇಳೇನಲ್ಲ ನಾ?"

ಇದನ್ನು ವಿವರಿಸಬೇಕು. ನಮ್ಮ ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಪರಸ್ಪರ ಕ್ಷಮೆ ಕೇಳುವ ದಿನವಿದೆ. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ ಎಂದು ಬೀದಿಯ ಎಲ್ಲರಿಗೂ ಕೈಮುಗಿದು ಬರುತ್ತೇವೆ. ಈಗ ಫೋನಿನಲ್ಲಿ ಒಂದೇ ಸಲ ನೂರು ಜನಕ್ಕೆ ಕಳಿಸುತ್ತಾರೆ. ಬಹಳ ಒಳ್ಳೆಯ ಪದ್ಧತಿ, ಒಂದೇ ತೊಂದರೆ ಎಂದರೆ ಅದರಲ್ಲಿ ತಪ್ಪು ಯಾವುದೆಂದು ಹೇಳಬೇಕಾಗಿಲ್ಲ. ನಾನು ಪ್ರತಿ ವರ್ಷ ಬಸದಿಯಿಂದ ಬಂದು ಚಪ್ಪಲಿ ಬಿಡುತ್ತ ಹೆಂಡತಿಗೂ ಅದೇ ಮಾತು ಹೇಳಿ, ಅದೇ ಉಸಿರಿನಲ್ಲಿ ಊಟಕ್ಕೆ ಏನಿದೆ ಎಂದು ಕೇಳುತ್ತಿದ್ದೆ.

"ಕೇಳೀರಿ," ಎಂದಳು ಅವಳು. "ತಿಳದೋ ತಿಳೀದೋ ಅಂತ ಒಟ್ಟಿಗೆ ಕೇಳೀರಿ. ನಾನೂ ಒಟ್ಟಿಗೆ ಆತು ಅಂದೀನಿ. ಇದು ಆ ಒಟ್ಟಿನಾಗ ಇರಲಿಲ್ಲ."

ಸಗಟು ಕ್ಷಮೆಯಲ್ಲಿ ಚಿಲ್ಲರೆ ತಪ್ಪು ಹೋಗುವುದಿಲ್ಲ ಎಂಬುದು ನನಗೆ ಎಪ್ಪತ್ತೆರಡನೆಯ ವರ್ಷಕ್ಕೆ ತಿಳಿಯಿತು.

ಆಗ ಗುರುವಾರ. ಶನಿವಾರ ಪಾತ್ರೆ ಹೋಗುವುದಿತ್ತು. ನನಗೆ ತಿಳಿದ ಪ್ರಾಯಶ್ಚಿತ್ತ ಒಂದೇ. ಟ್ರಂಕಿನಿಂದ ಹಳೆಯ ಉಳಿ, ಸುತ್ತಿಗೆ ತೆಗೆದೆ. ವರ್ಕ್‌ಶಾಪಿನಲ್ಲಿ ಮಶಿನ್ ಇದೆ, ಐದು ನಿಮಿಷದಲ್ಲಿ ಮಾಡಿಸಿ ತರುತ್ತೇನೆ ಎಂದು ಸನ್ಮತಿ ಹೇಳಿದ. ಕೈಯಿಂದ ಅಳಿಸಿದ್ದನ್ನು ಕೈಯಿಂದಲೇ ಹಾಕಬೇಕು ಎಂದು ನಾನು ದೊಡ್ಡ ಮಾತಾಡಿದೆ. ಶುಕ್ರವಾರ ಬೆಳಿಗ್ಗೆ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ, ತಂಬಿಗೆಯನ್ನು ಎರಡು ಮೊಣಕಾಲಿನ ನಡುವೆ ಹಿಡಿದು, ಎರಡೆರಡು ಕನ್ನಡಕ ಏರಿಸಿ ಕೂತೆ. ಸುಲೋಚನಾ ಎಂಬುದರ ಕೆಳಗೆ 'ಚ' ಹೊಡೆಯಲು ಶುರು ಮಾಡಿದೆ.

ಕೈ ನನ್ನ ಮಾತು ಕೇಳಲಿಲ್ಲ. ಉಳಿ ಒಂದು ಕಡೆ ಹೋದರೆ ಸುತ್ತಿಗೆ ಇನ್ನೊಂದು ಕಡೆ. ಒಂದು ತಾಸಿನ ಮೇಲೆ ಅಲ್ಲಿ ಮೂಡಿದ್ದು 'ಚ' ಎಂದು ಹೇಳಲು ನನಗೇ ಧೈರ್ಯವಾಗಲಿಲ್ಲ. ಮಳೆಗಾಲದಲ್ಲಿ ಗೋಡೆ ಹತ್ತುವ ಕಂಬಳಿಹುಳದ ಹಾಗೆ ಕಾಣುತ್ತಿತ್ತು. ಒಂದು ಕಾಲದಲ್ಲಿ 'ಲೋ' ಎಳೆದ ಕೈ ಇದು. ಸ್ನೇಹಲ್ ಬಗ್ಗಿ ನೋಡಿ, "ಮಾಮಾ, ಹ್ಯಾಂಡಮೇಡ್ ಲುಕ್ ಮಸ್ತ ಐತಿ," ಎಂದು ಸಮಾಧಾನ ಮಾಡಿದಳು. ನಾನು ಮತ್ತೆ ಸುತ್ತಿಗೆ ಎತ್ತಿದೆ. ಹೆಂಡತಿ ಬಂದು ತಂಬಿಗೆಯನ್ನು ಎತ್ತಿಕೊಂಡಳು.

"ಸಾಕ್ ಬಿಡ್ರಿ. ಇನ್ನೆಷ್ಟ ಹೊಡಸ್ಕೋಬೇಕು ಅವು? ಒಮ್ಮೆ ನಮ್ಮಪ್ಪ ಹೊಡಿಸ್ಯಾನ, ಒಮ್ಮೆ ನೀವು ಹೊಡದೀರಿ, ಈಗ ಮತ್ತ."

"ನಿನ್ನ ಹೆಸರ ನಿನಗ ಕೊಡಬೇಕಂತ..."

"ಬಾಂಡೇಕ್ಕ ಯಾಕ ಕೊಡ್ತೀರಿ? ನನಗ ಕೊಡ್ರಿ."

ನನಗೆ ಅರ್ಥವಾಗಲಿಲ್ಲ. ಅವಳು ಅಲ್ಲೇ ಕಟ್ಟೆಯ ತುದಿಗೆ ಕೂತಳು.

"ಅಷ್ಟ ಚಂದ ಹೆಸರ ಇಟ್ಟ್ರಿ. ಆ ಹೆಸರೀಲೆ ಆದರೂ ಒಂದ ದಿನ ಕರದೀರೇನು? ಏ ಅಂತೀರಿ, ಓಯ್ ಅಂತೀರಿ, ಇಲ್ಲೇ ನೋಡು ಅಂತೀರಿ. ಸನ್ಮತಿ ಹುಟ್ಟಿದ ಮ್ಯಾಲೆ ಅವನ ಹೆಸರ ಹಿಡದ ಒದರತೀರಿ, ಇಬ್ಬರೂ ಬರ್ತೀವಿ. ಹಳೇದು ಅಳಿಸಿದ್ರಿ, ಹೊಸಾದು ಬಾಂಡೇಕ್ಕ ಕೊಟ್ಟ್ರಿ. ನನಗೇನ ಉಳೀತು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವವರ ದನಿಯಿತ್ತು. ನಾನು ಲೆಕ್ಕವಿಲ್ಲದಷ್ಟು ಜನರ ಹೆಸರನ್ನು ಈ ಕೈಯಿಂದ ಬರೆದಿದ್ದೇನೆ. ಬಾಯಿಂದ ಕರೆಯಬೇಕಾದ ಒಂದು ಹೆಸರನ್ನು ಕರೆದಿರಲಿಲ್ಲ. ನಮ್ಮ ಕಾಲದಲ್ಲಿ ಗಂಡ ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ, ಹೆಂಡತಿ ಗಂಡನದು ಹಿಡಿಯುತ್ತಿರಲಿಲ್ಲ, ಅದು ಮರ್ಯಾದೆ ಎಂದು ನೀವು ನನ್ನ ಪರ ವಾದಿಸಬಹುದು. ನಾನೂ ವಾದಿಸಿದೆ. "ಅದು ರೂಢಿ," ಎಂದೆ. "ಗ್ವಾಡಿ ನೋಡೂದೂ ರೂಢಿನs," ಎಂದು ಅವಳು ಎದ್ದು ಒಳಗೆ ಹೋದಳು.

ಕರೆಯುವುದೇನು ಮಹಾ, ಎರಡು ಅಕ್ಷರ ಎಂದುಕೊಂಡೆ. ಮಧ್ಯಾಹ್ನದವರೆಗೂ ಆಗಲಿಲ್ಲ. ನಾಲಿಗೆಯ ತುದಿಗೆ ಬಂದಾಗ ಕೆಮ್ಮು ಬಂತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮೆಲ್ಲಗೆ ಅಭ್ಯಾಸ ಮಾಡಿದೆ. "ಚಂಪಾ. ಚಂಪಾ." ಬೇರೆಯವರ ಹೆಂಡತಿಯನ್ನು ಕರೆಯುತ್ತಿದ್ದೇನೋ ಎಂಬಂತೆ ಮೈ ಬೆವರಿತು. ಹೊರಗಿನಿಂದ ಸ್ನೇಹಲ್, "ಮಾಮಾ, ಆರಾಮ ಅದೀರಿ ನಾ? ಯಾರ ಜೋಡಿ ಮಾತಾಡಾಕತ್ತೀರಿ?" ಎಂದು ಬಾಗಿಲು ಬಡಿದಳು. ಪುಣ್ಯಕ್ಕೆ ನಲ್ಲಿಯ ಸಪ್ಪಳದಲ್ಲಿ ಮಾತು ಏನೆಂದು ಕೇಳಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಕಟ್ಟೆಯ ಮೇಲೆ ಕೂತು, ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಕಣ್ಣು ಮುಚ್ಚಿ ಕರೆದೆ.

"ಚಂಪಾ."

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಮತ್ತೆ ಕರೆದೆ, ಸ್ವಲ್ಪ ಗಟ್ಟಿಯಾಗಿ. ಎದುರಿನ ಮನೆಯ ಕಿಟಕಿ ತೆರೆಯಿತು. ಒಳಗಿನಿಂದ ಸ್ನೇಹಲ್‌ಳ ಪಿಸುದನಿ ಕೇಳಿತು.

"ಆತ್ಯಾ, ಮಾಮಾ ಕರ್ಯಾಕತ್ತಾರ."

"ಕೇಳಸ್ತೈತಿ. ಕರೀಲಿ ಬಿಡು," ಎಂಬ ಉತ್ತರ ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಬಂತು.

ಮೂರನೆಯ ಸಲ ಬೀದಿಗೆಲ್ಲ ಕೇಳುವ ಹಾಗೆ ಕರೆದೆ. ಅವಳು ಬಾಗಿಲಿಗೆ ಬಂದು ನಿಂತಳು. ಮೊಣಕೈವರೆಗೆ ಹಿಟ್ಟು.

"ಏನ್ರಿ?"

ಇಲ್ಲಿ ಇನ್ನೊಂದು ಫಜೀತಿಯಾಯಿತು. ಕರೆಯುವುದಕ್ಕೇ ಇಡೀ ದಿನ ತಯಾರಿ ಮಾಡಿದ್ದೆ, ಕರೆದರೆ ಮನುಷ್ಯರು ಬಂದು ಏನು ಎಂದು ಕೇಳುತ್ತಾರೆಂಬುದು ಹೊಳೆದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಅಲ್ಲಾ, ಆ ಬಾಂಡೆ ಯಾವ ಕಡೆ ಮಾರಿ ಮಾಡಿ ಇಡೂಣು ಅಂತ..."

"ಹೆಂಗರೆ ಇಡ್ರಿ. ಈಗ ಅವು ಬರೇ ಬಾಂಡೆ."

"ಮತ್ತ ತೂಕಕ್ಕ ಹಾಕೂದು?"

"ನಮ್ಮಪ್ಪ ಕೊಟ್ಟದ್ದು ತೂಕಕ್ಕ ಹಾಕಾಕ ನನಗೇನ ತಲಿ ಕೆಟ್ಟೈತೇನು?" ಎಂದಳು, ಆ ಮಾತು ಎತ್ತಿದವನು ನಾನೇ ಎಂಬಂತೆ. ಆಮೇಲೆ ನನ್ನನ್ನು ಅನುಮಾನದಿಂದ ನೋಡಿದಳು. "ಇಷ್ಟ ಕೇಳಾಕ ಮೂರ ಸಲ ಒದರಿದ್ರೇನು?"

"ಇಲ್ಲ. ಸುಮ್ನ ಕರದೆ."

ಅವಳು ಹಿಟ್ಟಿನ ಕೈಯಿಂದಲೇ ಹಣೆಯ ಕೂದಲು ಸರಿಸಿಕೊಂಡಳು. ಎದುರಿನ ಕಿಟಕಿಯನ್ನೊಮ್ಮೆ ನೋಡಿದಳು.

"ನಾಳೆನೂ ಕರೀರಿ," ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಲಟ್ಟಣಿಗೆಯ ಸದ್ದು ಮತ್ತೆ ಶುರುವಾಯಿತು.

ಕೆಲಸ ಬಿಟ್ಟು ಹತ್ತು ವರ್ಷಕ್ಕೂ ಮೇಲಾಯಿತು. ಇಷ್ಟು ದಿನ ನನಗೆ ನಾಳೆ ಎಂಬುದು ಇವತ್ತಿನ ಹಾಗೆಯೇ ಇನ್ನೊಂದು ದಿನವಾಗಿತ್ತು. ಈಗ ನಾಳೆಗೆ ನನಗೊಂದು ಕೆಲಸವಿದೆ. ಕೈ ನಡುಗಿದರೂ ನಡೆಯುವಂಥದ್ದು.